ಮೂಟೆಯೂ ವರ್ತನೆ ಹೂವೂ

“ಬುದ್ಧಿ, ಎರಡು ರೂಟರ್ ನೋಡಿಕೊಂಡು ಬಂದೆ. ಒಂದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಇನ್ನೊಂದು ಅರ್ಧಕ್ಕೇ ಸಿಗುತ್ತದೆ. ವೇಗ ಎರಡಕ್ಕೂ ಒಂದೇ. ಯಾವುದನ್ನು ತರಲಿ?” ಎಂದು ಷಡಕ್ಷರಿ ಗುರುಗಳನ್ನು ಕೇಳಿದ.

ಮಠದ ಹಾಸ್ಟೆಲು ನೋಡಿಕೊಳ್ಳುವ ಶಿಷ್ಯ ಅವನು. ಅಲ್ಲಿನ ಮುನ್ನೂರು ಮಕ್ಕಳು ಸದ್ಯದಲ್ಲೇ ಒಟ್ಟಿಗೆ ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಬರೆಯಬೇಕು. ಒಂದೊಂದು ಉತ್ತರವೂ ಒತ್ತಿದ ಕೂಡಲೇ ಹೊರಟುಬಿಡಬೇಕು. ದಾರಿ ತೋರಿಸಿ ಕಳಿಸುವ ಆ ಪೆಟ್ಟಿಗೆ ತಡವರಿಸಿದರೆ ಮಕ್ಕಳ ಒಂದು ವರ್ಷ ಹೋದಂತೆಯೇ. ಹಳೆಯದು ಆಗಲೇ ಕೈಕೊಟ್ಟಿತ್ತು. ಭಕ್ತರ ಕಾಣಿಕೆಯಲ್ಲಿ ಕೊಳ್ಳುವುದು, ಎಡವಿದರೆ ಮತ್ತೆ ಕೈಯೊಡ್ಡುವ ಹಾಗಿಲ್ಲ. ಅವನಿಗೆ ಭಯವಾಗಿತ್ತು.

“ವೇಗ ಒಂದೇ ಅಂತ ಯಾರು ಹೇಳಿದರು?”

“ಅಂಗಡಿಯವರು ಎರಡರಲ್ಲೂ ಇಡೀ ಸಿನಿಮಾ ಇಳಿಸಿ ತೋರಿಸಿದರು, ಬುದ್ಧಿ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ!”

“ಓಹೋ, ಸಿನಿಮಾ!” ಎಂದು ಗುರುಗಳು ನಕ್ಕರು. ಆಮೇಲೆ ಕತೆ ಹೇಳಿದರು.

ಒಬ್ಬ ಹೂವಿನ ವ್ಯಾಪಾರಿ. ಊರಿನ ಮನೆಮನೆಗೂ ದಿನವೂ ಹೂವು ಹಾಕುವ ವರ್ತನೆ ಅವನದೇ. ಬೆಳಗಿನ ಪೂಜೆಯ ಹೊತ್ತಿಗೆ ಒಬ್ಬರಿಗೆ ಮೊಳ ಮಲ್ಲಿಗೆ, ಇನ್ನೊಬ್ಬರಿಗೆ ಹಿಡಿ ಕಣಗಿಲೆ, ದಿನ ತಪ್ಪದೆ ಮುಟ್ಟಬೇಕು. ಅಪ್ಪನ ಕಾಲದಿಂದ ಬಂದ ಆ ವರ್ತನೆಯೇ ಅವನ ಅನ್ನ. ಪೊಟ್ಟಣಗಳನ್ನು ಬೀದಿ ಬೀದಿಗೆ ವಿಂಗಡಿಸುತ್ತಿದ್ದ ಮುದುಕ ಕೆಲಸ ಬಿಟ್ಟ. ಆ ಜಾಗಕ್ಕೆ ಇಬ್ಬರು ಬಂದರು. ಒಬ್ಬ ಕೇಳಿದ ಸಂಬಳಕ್ಕೆ ವ್ಯಾಪಾರಿ ಬೆವರಿದ. ಇನ್ನೊಬ್ಬ ಅರ್ಧಕ್ಕೇ ಒಪ್ಪಿದ.

ಯಾರ ಕೈ ಚುರುಕು ನೋಡೋಣ ಎಂದು ವ್ಯಾಪಾರಿ ಇಬ್ಬರನ್ನೂ ಪಕ್ಕದ ಅಕ್ಕಿ ಮಂಡಿಗೆ ಕರೆದುಕೊಂಡು ಹೋದ. ಬುದ್ಧಿವಂತ! ಒಂದೊಂದು ಗಾಡಿ ಮೂಟೆ ತೋರಿಸಿ ಇಳಿಸಿ ಎಂದ. ಇಬ್ಬರೂ ದಡಬಡ ಇಳಿಸಿದರು. ಕಡಿಮೆ ಸಂಬಳದವನು ಕೂದಲೆಳೆಯಷ್ಟೂ ಹಿಂದೆ ಬೀಳಲಿಲ್ಲ. ವ್ಯಾಪಾರಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವನನ್ನೇ ಇಟ್ಟುಕೊಂಡ.

ಮರುದಿನ ಬೆಳಗ್ಗೆ ಪೊಟ್ಟಣಗಳ ರಾಶಿ ಕರಗಲೇ ಇಲ್ಲ. ಬಿಸಿಲೇರಿತು, ಮಲ್ಲಿಗೆ ಬಾಡಿತು, ಮನೆಗಳಲ್ಲಿ ಪೂಜೆ ಮುಗಿದೇ ಹೋಯಿತು. ನಾಳೆಯಿಂದ ನಿಮ್ಮ ವರ್ತನೆ ಬೇಡ ಎಂದು ಒಂದೊಂದೇ ಮನೆಯವರು ಹೇಳಿಕಳಿಸಿದರು.

“ಗಾಡಿ ಮೂಟೆ ಎತ್ತಿದವನಿಗೆ ಮೊಳ ಹೂವು ಭಾರವಾಯಿತೇನೋ!” ಎಂದು ವ್ಯಾಪಾರಿ ಕೂಗಾಡಿದ.

“ಭಾರ ಇಲ್ಲ ಧಣಿ,” ಎಂದ ಆಳು. “ಮೂಟೆಗಳೆಲ್ಲ ಒಂದೇ ಕಡೆಗೆ. ಎಲ್ಲಿಗೆ ಅಂತ ಒಂದು ಸಲ ಕೇಳಿಕೊಂಡರೆ ಆಯಿತು. ಇಲ್ಲಿ ಪೊಟ್ಟಣ ಪೊಟ್ಟಣಕ್ಕೂ ಯಾರ ಮನೆ, ಯಾವ ಬೀದಿ ಅಂತ ನೋಡಬೇಕಲ್ಲ. ಎತ್ತುವುದಕ್ಕಿಂತ ನೋಡುವುದಕ್ಕೇ ಹೊತ್ತು ಹೋಗುತ್ತದೆ.”

ವ್ಯಾಪಾರಿ ಬಾಡಿದ ಹೂವಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಷಡಕ್ಷರಿಯ ಮುಖ ಅರಳಿತು. ಮುನ್ನೂರು ಮಕ್ಕಳ ಒಂದೊಂದು ಉತ್ತರವೂ ಒಂದೊಂದು ಪೊಟ್ಟಣ ಎಂದು ಅವನಿಗೆ ಹೊಳೆದಿತ್ತು. ಸದ್ಯ, ಅಗ್ಗಕ್ಕೆ ಮರುಳಾಗಲಿಲ್ಲವಲ್ಲ ಎಂದುಕೊಂಡು ಎದ್ದು ನಿಂತ.

“ತಿಳಿಯಿತು ಬುದ್ಧಿ. ದುಬಾರಿಯದನ್ನೇ ತಂದುಬಿಡುತ್ತೇನೆ.”

ಗುರುಗಳು ಅವನನ್ನು ತಡೆದು ಕೇಳಿದರು.

“ದುಬಾರಿಯವನಿಂದಲೂ ಆ ವ್ಯಾಪಾರಿ ಎತ್ತಿಸಿ ನೋಡಿದ್ದು ಮೂಟೆಯನ್ನೇ ಅಲ್ಲವೇನಪ್ಪ?”