ಉಂಗುರವಾದ ಬೆಳಕು

"ಗುರುಗಳೇ, ಇಸ್ಪೀಟು ಬಿಡು ಎಂದು ತಮ್ಮನಿಗೆ ದಿನವೂ ಹೇಳುತ್ತೇನೆ. ಹೇಳಿದಷ್ಟೂ ಮೊಂಡಾಗುತ್ತಾನೆ. ನಿನ್ನೆ ಮನೆ ಬಿಟ್ಟೇ ಹೋಗುತ್ತೇನೆ ಅಂದ. ಇನ್ನೂ ಗಟ್ಟಿಯಾಗಿ ಹೇಳಬೇಕೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕುಶಲಕರ್ಮಿ ಇದ್ದ. ಲೋಹದ ಪುಡಿಯನ್ನು ತೆಳುವಾಗಿ ಹರಡಿ, ಲೇಸರ್ ಕಿರಣದಿಂದ ಕರಗಿಸಿ, ಪದರದ ಮೇಲೆ ಪದರ ಕೂಡಿಸಿ ವಸ್ತು ಮಾಡುವುದು ಅವನ ಕಸುಬು. ಒಬ್ಬ ಹಮಾಲಿಯ ಮಂಡಿ ಪುಡಿಯಾಗಿತ್ತು. ಹೊಸ ಮಂಡಿ ಕೂತರೆ ನಡೆದಾನು, ಇಲ್ಲದಿದ್ದರೆ ಇಲ್ಲ. ಅದನ್ನು ಮಾಡುವ ಕೆಲಸ ಇವನಿಗೆ ಬಂತು.

ಒಂದೇ ಬಗೆಯ ಎರಡು ಮಾಡಿ, ಒಂದನ್ನು ಸೀಳಿ ನೋಡುವುದು ಆ ಕಸುಬಿನವರ ರೂಢಿ. ಇವನೂ ಸೀಳಿದ. ಹೊರಗೆ ಫಳಫಳ, ಒಳಗೆ ಸೂಜಿಮೊನೆಯಷ್ಟು ತೂತುಗಳು. ಕಾವು ಸಾಲದೆಂದು ಬೆಳಕಿನ ಬಲ ಹೆಚ್ಚಿಸಿದ. ತೂತುಗಳೂ ಹೆಚ್ಚಿದವು. ಮತ್ತೆ ಹೆಚ್ಚಿಸಿದ! ಬುದ್ಧಿವಂತರಿಗೆ ಈ ರೋಗ ಬೇಗ ಹತ್ತುತ್ತದೆ.

ಮೂರು ಜೋಡಿ ಹಾಳಾದವು. ಕೆಟ್ಟ ಮೇಲೆ ಬುದ್ಧಿ ಬಂತು ಎಂಬಂತೆ, ಅವನು ಲೆನ್ಸ್ ಉಜ್ಜುವ ಒಬ್ಬ ಮುದುಕಿಯ ಬಳಿ ಹೋದ. ಆಕೆ ಸೀಳಿದ ತುಂಡುಗಳನ್ನು ತಿರುಗಿಸಿ ನೋಡಿದಳು.

"ಬೆಳಕು ಕಮ್ಮಿಯಾಗಿಲ್ಲ ಕಣಪ್ಪಾ. ಬೀಳೋದೆಲ್ಲ ನಡುವಿಗೇ ಬೀಳ್ತಾ ಇದೆ. ಅಲ್ಲಿ ಲೋಹ ಕುದ್ದು ಗುಳ್ಳೆ ಏಳ್ತದೆ. ಅಂಚಿನ ಪುಡಿ ಬೆಸೆಯದೇ ಉಳೀತದೆ."

"ಹಾಗಾದ್ರೆ ಬಲ ತಗ್ಗಿಸ್ಲಾ?"

"ತಗ್ಗಿಸಿದ್ರೆ ಅಂಚು ಇನ್ನೂ ಹಸಿ ಉಳೀತದೆ. ನಡುವಿಂದ ತೆಗೆದು ಸುತ್ತ ಹಂಚು."

ಆಕೆ ಒಂದು ಗಾಜು ಉಜ್ಜಿ ಕೊಟ್ಟಳು. ಅದರ ಮೂಲಕ ಹಾದ ಕಿರಣ ಚುಕ್ಕೆಯಾಗಿ ಬೀಳದೆ ಉಂಗುರವಾಗಿ ಬಿತ್ತು. ಬೆಳಕು ಅಷ್ಟೇ, ಒಂದು ಕಿಡಿ ಹೆಚ್ಚಿಲ್ಲ. ಅವನು ನಾಲ್ಕನೆಯ ಜೋಡಿ ಮಾಡಿದ. ಒಂದನ್ನು ಸೀಳಿ ನೋಡಿದ. ಒಳಗೆ ಒಂದೂ ತೂತಿರಲಿಲ್ಲ. ಅವನಿಗೆ ಸಂತೋಷವಾಯಿತು, ನಾಚಿಕೆಯೂ ಆಯಿತು. ಅದರ ಜೊತೆಯದನ್ನು ವೈದ್ಯರು ಹಮಾಲಿಯ ಕಾಲಿಗೆ ಕೂಡಿಸಿದರು. ಆತ ನಡೆದ.

ಚನ್ನವೀರ ಕುತೂಹಲದಿಂದ ಮುಂದೆ ಬಾಗಿದ. "ಹಾಗಾದರೆ ತಮ್ಮನಿಗೆ ಇಸ್ಪೀಟು ಬಿಡು ಎನ್ನಲೇಬಾರದೇ?"

ಗುರುಗಳು ಕೇಳಿದರು: "ಇಸ್ಪೀಟಿನ ಮಾತು ಬಿಟ್ಟು, ಅವನೊಡನೆ ನೀನು ಕೊನೆಯದಾಗಿ ಆಡಿದ ಮಾತು ಯಾವುದು?"

ಚನ್ನವೀರ ನೆನಪು ಮಾಡಿಕೊಳ್ಳುತ್ತಾ ಕುಳಿತ.