ಬಟ್ಟೆಯ ಇನ್ನೊಂದು ತುದಿ

ಸಂತೆಬೈಲಿನ ಮಿಷನ್ ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಕುದಿಸುವ ಒಲೆಯ ಪಕ್ಕದ ತಗಡಿನ ಮಾಡೇ ಪೂಜ್ಯ ಸನ್ಯಾಸಿನಿ ಅಗತಮ್ಮನವರ ಆಶ್ರಮವಾಗಿತ್ತು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಆ ತಾಯಿ ಹಳೆಯ ಸೀರೆ ಪಂಚೆಗಳನ್ನು ಪಟ್ಟಿಪಟ್ಟಿಯಾಗಿ ಹರಿದು, ಕುದಿಸಿ ಒಣಗಿಸಿ, ಗಾಯಕ್ಕೆ ಕಟ್ಟಲು ಸುರುಳಿ ಸುತ್ತುತ್ತಿದ್ದರು. ತುಟಿಯಲ್ಲಿ ಯೇಸುನಾಮದ ಜಪ. ನೋವು ಹೆಚ್ಚಾದ ದಿನ ಜಪ ಕೊಂಚ ಗಟ್ಟಿಯಾಗಿ ಕೇಳುತ್ತಿತ್ತು, ಅಷ್ಟೇ.

ಅಂಥದೊಂದು ಬೆಳಿಗ್ಗೆ ಸವರಪ್ಪ ಅಲ್ಲಿಗೆ ಬಂದ. ಬಂದ ಅನ್ನುವುದಕ್ಕಿಂತ, ಹಿಂದಿನ ಗೇಟು ಹುಡುಕುತ್ತ ಅವರ ಕಣ್ಣಿಗೆ ಬಿದ್ದ ಅನ್ನಬೇಕು. ಊರೂರು ಅಲೆದು ಒರಳು, ಬೀಸುಕಲ್ಲು ಕಟೆಯುವವನು, ಕಾಲಿಗೆ ಚಕ್ರ. ಮನೆಯಲ್ಲಿ ಕಷ್ಟ ಎದ್ದಾಗಲೆಲ್ಲ ಉಳಿ ಸುತ್ತಿಗೆಯ ಚೀಲ ಹೆಗಲೇರುತ್ತಿತ್ತು. ತನ್ನ ಮಗುವನ್ನು ಮಣ್ಣು ಮಾಡಿದ ಮಾರನೇ ದಿನವೇ ಹೊರಟುಬಿಟ್ಟಿದ್ದ ಮನುಷ್ಯ. ಈಗ ಒಳಗೆ ಹೆಂಡತಿ ಮೋನಿಕಮ್ಮ ಆಪರೇಷನ್ ಮೇಜಿನ ಮೇಲೆ. ಕರುಳು ತಿರುಚಿಕೊಂಡಿದೆ, ಕೊಯ್ದು ನೋಡದೆ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು.

"ಎತ್ತ ಹೊರಟೆಯಪ್ಪ?" ಎಂದರು ಅಗತಮ್ಮನವರು.

"ಬೀಡಿ ತರೋಕೆ."

"ಚೀಲ ಹೊತ್ಕೊಂಡಾ?"

ಸಿಕ್ಕಿಬಿದ್ದವನಿಗೆ ಸಿಟ್ಟು ಬಂತು. "ನಿಮ್ಮ ಬೆರಳನ್ನೇ ನೆಟ್ಟಗೆ ಮಾಡದ ದೇವರು, ನನ್ನವಳ ಕರುಳು ನೆಟ್ಟಗೆ ಮಾಡ್ತಾನೇನಮ್ಮ? ಇಲ್ಲಿ ಕೂತು ನಾನೇನು ಮಾಡ್ಲಿ?"

ತಾಯಿ ನಕ್ಕುಬಿಟ್ಟರು. "ಈ ಬೆರಳಿನ ವಿಷಯ ನಾನೂ ದಿನಾ ಕೇಳ್ತೀನಿ ಅವನನ್ನ. ಕೂತ್ಕೊ. ಈ ಪಟ್ಟಿಯ ತುದಿ ಹಿಡ್ಕೊ."

ಯಾಕೆ ಕೂತನೋ ಅವನಿಗೇ ತಿಳಿಯದು. ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಬೆಚ್ಚಿ ಎಳೆದ. ಬಟ್ಟೆ ಪರ್ರೆಂದು ಹರಿಯಿತು.

ಅವರು ಗದರಲಿಲ್ಲ. ಇನ್ನೊಂದು ಪಟ್ಟಿ ಎತ್ತಿಕೊಟ್ಟರು. "ಸಡಿಲ ಸುತ್ತಿದರೆ ಗಾಯದ ಮೇಲೆ ನಿಲ್ಲಲ್ಲ. ಎಳೀಬೇಡ, ಬಿಡಲೂ ಬೇಡ. ಸುತ್ತೋದು ಇನ್ನೊಂದು ತುದಿಯವರ ಕೆಲಸ."

ಸವರಪ್ಪ ಹಿಡಿದ. ಕಣ್ಣು ಮತ್ತೆ ಮತ್ತೆ ಬಾಗಿಲಿಗೆ ಹೋಗುತ್ತಿತ್ತು. ಬಟ್ಟೆ ನಡುಗುತ್ತಿರುವುದು ತನ್ನ ಕೈಯಿಂದಲೇ ಅಂದುಕೊಂಡಿದ್ದ. ಆಮೇಲೆ ನೋಡಿದರೆ ಆ ತುದಿಯೂ ನಡುಗುತ್ತಿತ್ತು. ಜಪ ಗಟ್ಟಿಯಾಗಿತ್ತು. ಆದರೂ ಸುರುಳಿ ಬಿಗಿಯಾಗಿ, ಒಂದೊಂದೇ ಸುತ್ತು ಬೆಳೆಯುತ್ತಿತ್ತು. ಒಂದಾಯಿತು, ಹತ್ತಾಯಿತು, ಬುಟ್ಟಿ ಅರ್ಧ ತುಂಬಿತು.

ನರ್ಸಮ್ಮ ಬಾಗಿಲಿಗೆ ಬಂದಳು. "ಹೊಲಿಗೆ ಹಾಕಿದ್ದಾಯ್ತು. ಇನ್ನೇನಿದ್ರೂ ಎಚ್ಚರ ಆದಮೇಲೇ ಹೇಳೋದು. ಪಕ್ಕದಲ್ಲಿ ಯಾರಾದ್ರೂ ಕೂರಬೇಕು."

ಅವನು ಧಡಕ್ಕನೆ ಎದ್ದ. ಅರ್ಧ ಸುತ್ತಿದ ಬಟ್ಟೆಯ ತುದಿ ಕೈಯಲ್ಲೇ ಇತ್ತು. ಎಲ್ಲಿ ಸಿಕ್ಕಿಸಲಿ ಎಂದು ಸುತ್ತ ನೋಡಿದ. ಬೆನ್ನ ಹಿಂದಿನ ಕಂಬದಲ್ಲಿ ಒಂದು ಮೊಳೆ. ಬಟ್ಟೆ ಉಜ್ಜಿ ಉಜ್ಜಿ ಅದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಬುಡದಲ್ಲಿ ನೂಲಿನ ಎಳೆಗಳು. ಸವೆದದ್ದನ್ನು ನೋಡಿ ವರ್ಷ ಹೇಳಬಲ್ಲ ಕಲ್ಲುಕುಟಿಗನ ಕಣ್ಣದು.

"ಅಮ್ಮ, ಇಷ್ಟು ವರ್ಷ ತುದಿ ಹಿಡಿದದ್ದು ಈ ಮೊಳೆಯೇ ಅಲ್ವಾ? ಮತ್ತೆ ನನ್ನನ್ನ ಯಾಕೆ ಕೂರಿಸಿಕೊಂಡ್ರಿ?"

ಅಗತಮ್ಮನವರು ತಲೆಯೆತ್ತಿದರು. "ಮೊಳೆ ಎಲ್ಲಿಗೂ ಓಡಿಹೋಗಲ್ಲ ಕಣಪ್ಪ."

ಸವರಪ್ಪ ಬಾಗಿ ಆ ತಾಯಿಯ ಪಾದ ಮುಟ್ಟಿದ. ಮೊಳೆಗೆ ಬಟ್ಟೆಯ ತುದಿ ಸಿಕ್ಕಿಸಿ, ಹೆಗಲಿನ ಚೀಲವನ್ನೂ ಅದಕ್ಕೇ ತೂಗುಹಾಕಿ ಒಳಗೆ ನಡೆದ.

ಮಧ್ಯಾಹ್ನ ಚರ್ಚಿನ ಗಂಟೆ ಹೊಡೆಯುವಾಗ ಮೋನಿಕಮ್ಮ ಕಣ್ಣು ಬಿಟ್ಟಳು. ಅವಳ ಕೈ ಗಂಡನ ಕೈಯಲ್ಲಿತ್ತು. ಅವನು ಎಳೆದಿರಲಿಲ್ಲ, ಬಿಟ್ಟಿರಲೂ ಇಲ್ಲ. ತುಟಿ ಮಾತ್ರ ಏನನ್ನೋ ಜಪಿಸುತ್ತಿತ್ತು. ಅವಳು ಅವನ ಖಾಲಿ ಹೆಗಲನ್ನೇ ದಿಟ್ಟಿಸಿದಳು.

"ಚೀಲ ಎಲ್ಲಿ?"

"ಮೊಳೆಗೆ ಹಾಕಿದೀನಿ ಕಣೆ."