ಕದಲದ ದೂರದರ್ಶಕ

"ಗುರುಗಳೇ, ಹನ್ನೆರಡು ವರ್ಷದ ಸಾಧನೆಯಿಂದ ನನ್ನ ಮನಸ್ಸು ನಿಂತಿದೆ. ಈಗ ಯಾರ ಮಾತೂ ಅದನ್ನು ಕದಲಿಸುವುದಿಲ್ಲ. ಇನ್ನೂ ನಾನು ಬೇರೆಯವರನ್ನು ಕೇಳಬೇಕೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಧರಣೇಂದ್ರ ಎಂಬ ಯಂತ್ರಕಾರನಿದ್ದ. ಭಾರಿ ಬಲೂನಿಗೆ ದೂರದರ್ಶಕ ಕಟ್ಟಿ, ಮೋಡಗಳಿಗಿಂತ ಬಹಳ ಮೇಲಕ್ಕೆ ಕಳಿಸುವ ಕೇಂದ್ರದಲ್ಲಿ ಅವನ ಕೆಲಸ. ಅಷ್ಟೆತ್ತರದಲ್ಲಿ ಹಗಲಲ್ಲೂ ಆಕಾಶ ಕಪ್ಪು. ಆದರೆ ಹಗ್ಗದ ತುದಿಗೆ ತೂಗುವ ದೂರದರ್ಶಕ ಓಲಾಡುತ್ತದೆ, ಸುತ್ತುತ್ತದೆ. ಅದನ್ನು ಒಂದೇ ದಿಕ್ಕಿಗೆ ಹಿಡಿದು ನಿಲ್ಲಿಸಲು ಧರಣೇಂದ್ರ ಬಿರುಸಾಗಿ ತಿರುಗುವ ಒಂದು ಚಕ್ರ ಮಾಡಿದ. ಹದಿನೆಂಟು ವರ್ಷ ಅದನ್ನೇ ತಿದ್ದಿದ. ಮನೆಯವರು ಮದುವೆಯ ಮಾತು ಎತ್ತಿದಾಗಲೆಲ್ಲ ಚಕ್ರ ಮುಗಿಯಲಿ ಎಂದ.

ಅದೇ ಕೇಂದ್ರದಲ್ಲಿ ವಾರಿಜಾಕ್ಷಿ ಎಂಬ ಹಿರಿಯ ವಿಜ್ಞಾನಿ ಇದ್ದರು. ಒಂದು ನಕ್ಷತ್ರ ಸಿಡಿಯುವುದನ್ನು ನೋಡಲು ಆಯುಷ್ಯವೆಲ್ಲ ಕಾದವರು. ಅವರ ಕಾಯಿಲೆ ಬಲಿತ ವರ್ಷವೇ ಅದು ಸಿಡಿಯಿತು. ಆ ಬೆಳಕು ಕೆಲವೇ ದಿನದ್ದು. ಇದ್ದದ್ದು ಒಂದೇ ಬಲೂನು.

ಬಲೂನು ಏರಿತು. ದೂರದರ್ಶಕ ಕೂದಲೆಳೆಯಷ್ಟೂ ಅಲುಗದೆ ನಿಂತಿತು. ಧರಣೇಂದ್ರನ ಎದೆ ತುಂಬಿ ಬಂತು. ಚಿತ್ರ ತೆಗೆಯತೊಡಗುವ ಹೊತ್ತಿಗೇ, ಸುತ್ತಲಿನ ನಕ್ಷತ್ರಗಳನ್ನು ಗುರುತಿಸಿ ಚಕ್ರಕ್ಕೆ ಸರಿಯಾದ ದಿಕ್ಕು ಹೇಳುವ ಸಣ್ಣ ಕ್ಯಾಮೆರಾ ಬೇರೆಯೇ ದಿಕ್ಕು ತೋರಿಸತೊಡಗಿತು.

"ಧರಣೇಂದ್ರ, ಕ್ಯಾಮೆರಾ ಏನೋ ಬೇರೆ ಹೇಳುತ್ತಿದೆಯಲ್ಲಪ್ಪ. ಒಮ್ಮೆ ನೋಡಬಾರದೇ?" ಎಂದರು ವಾರಿಜಾಕ್ಷಿ.

"ಆ ಕ್ಯಾಮೆರಾ ಮೊನ್ನೆ ಬಂದದ್ದು ಮೇಡಂ. ಚಕ್ರ ನನ್ನ ಕೈಯಲ್ಲಿ ಬೆಳೆದದ್ದು. ಈಗ ತಿರುಗಿಸಿದರೆ ಚಿತ್ರ ಕೆಡುತ್ತದೆ."

ಹಾಗೆಂದವನೇ ಕ್ಯಾಮೆರಾದ ಸೂಚನೆ ಚಕ್ರಕ್ಕೆ ತಲುಪದಂತೆ ಮಾಡಿದ. ವಾರಿಜಾಕ್ಷಿ ಅವನನ್ನು ನಂಬಿದ್ದರು. ಮತ್ತೆ ಕೇಳಲಿಲ್ಲ.

ಸಂಜೆ ಬಲೂನು ಒಡೆದು, ದೂರದರ್ಶಕ ಕಡಲಿಗೆ ಬಿದ್ದು ಮುಳುಗಿತು. ಮೇಲಿನಿಂದ ಅದು ಕಳಿಸಿದ್ದ ಮಾಹಿತಿ ಉಳಿದಿತ್ತು. ಧರಣೇಂದ್ರ ಮೂರು ದಿನ ಕೂತು ಅದರಿಂದ ಚಿತ್ರ ತೆಗೆದ. ಚಿತ್ರದಲ್ಲಿ ಒಂದಿಷ್ಟೂ ಮಸುಕಿರಲಿಲ್ಲ. ಒಂದು ಚುಕ್ಕೆಯೂ ಇರಲಿಲ್ಲ. ಮೇಲಿನ ಚಳಿಗೆ ಚಕ್ರ ಗಳಿಗೆಗೆ ಇಷ್ಟಿಷ್ಟೇ ದಿಕ್ಕು ತಪ್ಪಿ ಜಾರಿತ್ತು. ದೂರದರ್ಶಕ ಇಡೀ ಹಗಲು ಬರಿಯ ಕತ್ತಲನ್ನು ದಿಟ್ಟಿಸಿತ್ತು. ಅಷ್ಟರಲ್ಲಿ ನಕ್ಷತ್ರದ ಬೆಳಕೂ ಆರಿತ್ತು.

ಅವನು ಚಿತ್ರ ಹಿಡಿದು, ವಾರಿಜಾಕ್ಷಿ ಸೇರಿದ್ದ ಆಸ್ಪತ್ರೆಗೆ ಹೋದ. ಸುಳ್ಳು ಹೇಳುವ ಆಸೆ ಬಾಗಿಲವರೆಗೂ ಇತ್ತು. ವಾರಿಜಾಕ್ಷಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಚಿತ್ರವನ್ನು ಅವನ ಕೈಗಿಟ್ಟು, ಕೈಯನ್ನು ಮೆಲ್ಲಗೆ ಒತ್ತಿ, ಗೋಡೆಯ ಕಡೆಗೆ ಹೊರಳಿದರು. ಆ ವಾರವೇ ತೀರಿಕೊಂಡರು.

ಗುರುಗಳು ಕತೆ ಮುಗಿಸಿದರು.

"ಚಕ್ರದಲ್ಲಿ ದೋಷ ಎಲ್ಲಿತ್ತು, ಗುರುಗಳೇ?" ಎಂದ ಶಿಷ್ಯ.

"ಚಕ್ರ ಜಾರುವುದು ಸಹಜ ಮಗು, ಆ ದಿನ ಕದಲದೆ ನಿಂತವನು ಧರಣೇಂದ್ರ."